ಎರೆಮಣ್ಣು ಮತ್ತು ಮೊದಲ ಎಳೆ

ಏಪ್ರಿಲ್ ಕೊನೆಯಲ್ಲಿ ಆಳಂದದಿಂದ ಅಫಜಲಪುರಕ್ಕೆ, ಅಲ್ಲಿಂದ ಜೇವರ್ಗಿಗೆ ಬಸ್ಸಿನಲ್ಲಿ ಹೊರಟವರಿಗೆ ರಸ್ತೆಯ ಎರಡೂ ಬದಿಗೆ ಕಾಣುವುದು ಒಂದೇ ನೋಟ. ತೊಗರಿ ಕೊಯ್ದು, ಹಿಂಗಾರಿ ಜೋಳದ ರಾಶಿಯೂ ಮುಗಿದು, ಬರಿದಾಗಿ ಬಿದ್ದ ಎರೆಹೊಲ. ಅದರ ತುಂಬ ಬಾಯಿಬಿಟ್ಟ ಬಿರುಕುಗಳು. ಕೆಲವು ಬಿರುಕಿನಲ್ಲಿ ಕೈ ಇಳಿಬಿಟ್ಟರೆ ಮೊಣಕೈವರೆಗೂ ಹೋಗುತ್ತದೆ. ಜೂನಿನಲ್ಲಿ ನಾಲ್ಕು ಒಳ್ಳೆಯ ಮಳೆ ಬಿದ್ದರೆ ಸಾಕು, ಅದೇ ನೆಲ ಉಬ್ಬಿ, ಬಿರುಕು ಮುಚ್ಚಿ, ಎತ್ತಿನ ಗೊರಸನ್ನೂ ಟ್ರ್ಯಾಕ್ಟರಿನ ಗಾಲಿಯನ್ನೂ ಬಿಡದ ರಾಡಿಯಾಗುತ್ತದೆ. ಒಣಗಿದಾಗ ಮೇಲಿನ ಮಣ್ಣು ಬಿರುಕಿನೊಳಕ್ಕೆ ಉದುರುತ್ತದೆ, ನೆನೆದಾಗ ಕೆಳಗಿನದು ಮೇಲಕ್ಕೆ ಒತ್ತಿ ಬರುತ್ತದೆ. ಎರೆನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂದು ಮಣ್ಣುವಿಜ್ಞಾನಿಗಳು ಹೇಳುವುದು ಇದನ್ನೇ.

ಈ ಉಬ್ಬು-ಕುಗ್ಗಿನ ಗುಟ್ಟು ಮಣ್ಣಿನೊಳಗಿನ ಜೇಡಿಯಲ್ಲಿದೆ. ದಖ್ಖನ್ ಪ್ರಸ್ಥಭೂಮಿಯ ಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಕಪ್ಪುಶಿಲೆಯಾಯಿತು. ಅದು ಸವೆದು ಬಂದ ಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಗುಂಪಿನ ಜೇಡಿ ಹೇರಳ. ಆ ಗುಂಪಿನ ಪ್ರಸಿದ್ಧ ಸದಸ್ಯನ ಹೆಸರು ಮಾಂಟ್‌ಮೊರಿಲ್ಲೊನೈಟ್. ಫ್ರಾನ್ಸಿನ ಮಾಂಟ್‌ಮೊರಿಲ್ಲೊನ್ ಎಂಬ ಊರಿನಿಂದ ಬಂದ ಹೆಸರು ಇದು, ನಾಲಗೆಗೆ ಕಷ್ಟವಾದರೂ ಒಮ್ಮೆ ರೂಢಿಯಾದರೆ ಮರೆಯುವುದಿಲ್ಲ. ಇದರ ಕಣವೆಂದರೆ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತ ತೆಳುಪದರಗಳು. ಒಂದು ಪದರದ ದಪ್ಪ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಹಾಳೆಗಳ ನಡುವೆ ನೀರು ನುಗ್ಗಿದರೆ ಪುಸ್ತಕ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಶುದ್ಧವಾದ ಒಂದು ಗ್ರಾಂ ಮಾಂಟ್‌ಮೊರಿಲ್ಲೊನೈಟಿನ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ 700 ಚದರ ಮೀಟರಿನಷ್ಟು ಜಾಗ ಬೇಕು. ಐದು ಕಬಡ್ಡಿ ಅಂಕಣಕ್ಕಿಂತ ಹೆಚ್ಚು!

ರೈತನಿಗೆ ಬೆಳೆ ಕೊಡುವ ಈ ಜೇಡಿಯ ಬಂಧುವನ್ನು ಜೀವದ ಹುಟ್ಟನ್ನು ಹುಡುಕುವವರು ತಮ್ಮ ಪ್ರಯೋಗಶಾಲೆಗೆ ಒಯ್ದದ್ದು ಏಕೆ? ಇದಕ್ಕೆ ಉತ್ತರ ಬೇಕಾದರೆ ಮೊದಲು ನ್ಯೂಕ್ಲಿಯಿಕ್ ಆಮ್ಲಗಳ ಪರಿಚಯ ಮಾಡಿಕೊಳ್ಳಬೇಕು.

ತೊಗರಿಯ ಬೀಜ ತೊಗರಿಯನ್ನೇ ಹುಟ್ಟಿಸುವುದು ಅದರೊಳಗೆ ಒಂದು ಬರಹ ಇರುವುದರಿಂದ. ಆ ಬರಹವನ್ನು ಹೊತ್ತ ದಾರವೇ ಡಿ.ಎನ್.ಎ. ಅದರ ಹತ್ತಿರದ ಸಂಬಂಧಿ ಆರ್.ಎನ್.ಎ. ಎರಡೂ ಮಣಿಸರಗಳಂತೆ. ಮಣಿಗೆ ನ್ಯೂಕ್ಲಿಯೊಟೈಡ್ ಎಂದು ಹೆಸರು. ಒಂದೊಂದು ಮಣಿಯಲ್ಲಿ ಮೂರು ಭಾಗ: ಒಂದು ಸಕ್ಕರೆ, ಒಂದು ರಂಜಕದ ತುಣುಕು, ಒಂದು ಪ್ರತ್ಯಾಮ್ಲ. ಸಕ್ಕರೆ ಮತ್ತು ರಂಜಕ ಎಲ್ಲ ಮಣಿಯಲ್ಲೂ ಒಂದೇ, ಅವು ದಾರದ ಬೆನ್ನೆಲುಬು. ಪ್ರತ್ಯಾಮ್ಲ ಮಾತ್ರ ನಾಲ್ಕು ಬಗೆ. ಬರಹದ ಅಕ್ಷರಗಳೆಂದರೆ ಇವೇ. ಡಿ.ಎನ್.ಎ.ಯಲ್ಲಿ ಅಡಿನೀನಿಗೆ ಥೈಮೀನ್ ಜೊತೆ, ಗ್ವಾನೀನಿಗೆ ಸೈಟೊಸೀನ್ ಜೊತೆ. ಆರ್.ಎನ್.ಎ.ಯಲ್ಲಿ ಥೈಮೀನಿನ ಜಾಗದಲ್ಲಿ ಯುರಾಸಿಲ್.

ಇಂದಿನ ಜೀವಕೋಶದಲ್ಲಿ ಈ ಮಣಿಗಳನ್ನು ಪೋಣಿಸಲು ಕಿಣ್ವಗಳಿವೆ. ಕಿಣ್ವಗಳು ತಯಾರಾಗಬೇಕಾದರೆ ಡಿ.ಎನ್.ಎ.ಯ ಬರಹ ಬೇಕು. ಹಾಗಾದರೆ ಕಿಣ್ವವೂ ಇಲ್ಲದ, ಬರಹವೂ ಇಲ್ಲದ ಕಾಲದಲ್ಲಿ ಮೊದಲ ಸರವನ್ನು ಪೋಣಿಸಿದ್ದು ಯಾರು? ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಹಳೆಯ ಪ್ರಶ್ನೆಯ ಹೊಸ ರೂಪ ಇದು.

ಈ ಪ್ರಶ್ನೆಯನ್ನು ತರಗತಿಯಲ್ಲಿ ಎದ್ದು ನಿಂತು ಕೇಳುವ ಹುಡುಗ ಹುಡುಗಿಯರು ಎಲ್ಲ ಊರಲ್ಲೂ ಇದ್ದಾರೆ. ಅವರಿಗೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ಅದು ಪರೀಕ್ಷೆದಾಗ ಬರಂಗಿಲ್ಲ, ಸುಮ್ನ ಕುಂದ್ರು." ಈಗ ಆ ಮಾತಿಗೆ ಇನ್ನಷ್ಟು ಬಲ ಬಂದಿದೆ. ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹಿಂದೆ 'ಅನುವಂಶೀಯತೆ ಮತ್ತು ವಿಕಾಸ' ಎಂಬ ಅಧ್ಯಾಯವಿತ್ತು. ಭೂಮಿಯ ಮೇಲೆ ಜೀವ ಹುಟ್ಟಿದ ಬಗೆಯ ಮೇಲೂ ಅದರಲ್ಲಿ ಒಂದು ಪುಟ್ಟ ಭಾಗವಿತ್ತು. ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ವಿಕಾಸದ ಜೊತೆ ಅದನ್ನೂ ಕೈಬಿಡಲಾಯಿತು, 2023ರ ಪುಸ್ತಕದಲ್ಲಿ ಉಳಿದದ್ದು 'ಅನುವಂಶೀಯತೆ' ಮಾತ್ರ. ಇದು ಸರಿಯಲ್ಲವೆಂದು ಆ ವರ್ಷದ ಏಪ್ರಿಲ್‌ನಲ್ಲಿ ದೇಶದ 1800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ವಿಷಯ ಉಳಿದಿದೆ ನಿಜ. ಆದರೆ ಹತ್ತರ ನಂತರ ಕಲೆಗೋ ವಾಣಿಜ್ಯಕ್ಕೋ ಹೋಗುವ ಮಗುವಿಗೆ, ಓದು ಬಿಟ್ಟು ಹೊಲಕ್ಕೆ ಹೋಗುವ ಮಗುವಿಗೆ, ಅದು ಎಂದೂ ಎದುರಾಗುವುದಿಲ್ಲ. ಹೊರೆ ಇಳಿಸಲು ಬೇರೆ ಪುಟಗಳು ಸಿಗಲಿಲ್ಲವೇ ಎಂದು ಪಾಲಕರು ಕೇಳಬಹುದಾದ ಮಾತು ಇದು. ಕೈಬಿಟ್ಟ ಆ ಭಾಗದಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಅವರ ಹೆಸರಿತ್ತು. ನಿರ್ಜೀವ ವಸ್ತುವಿನಿಂದ ಜೀವ ಮೂಡಿರಬೇಕೆಂದು 1929ರಲ್ಲೇ ಬರೆದ ಇವರು 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದರು, ಇಲ್ಲಿಯ ಪೌರತ್ವ ಪಡೆದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಪ್ರಶ್ನೆಗೆ ಮರಳೋಣ. ಪೋಣಿಸುವವರಿಲ್ಲದೆ ಜೋಡಣೆ ಸಾಧ್ಯವೇ? ಅಡುಗೆಮನೆಯಲ್ಲಿ ಇದಕ್ಕೆ ಸಾಕ್ಷಿ ಇದೆ. ದಪ್ಪ ಸಕ್ಕರೆ ಪಾಕದಲ್ಲಿ ಒಂದು ದಾರ ಇಳಿಬಿಟ್ಟು ಕೆಲವು ದಿನ ಕದಲಿಸದೆ ಇಟ್ಟರೆ ದಾರದ ಮೇಲೆ ಕಲ್ಲುಸಕ್ಕರೆ ಬೆಳೆಯುತ್ತದೆ. ಕೆತ್ತಿದವರಿಲ್ಲ, ಆದರೂ ಹರಳಿನ ಮುಖಗಳು ನುಣುಪಾಗಿ, ಕೋನಗಳು ಒಂದೇ ಸಮ. ಸಕ್ಕರೆಯ ಅಣುಗಳ ಆಕಾರ ಮತ್ತು ಅವು ಒಂದನ್ನೊಂದು ಸೆಳೆಯುವ ರೀತಿಯೇ ಆ ಸಾಲನ್ನು ಕಟ್ಟುತ್ತದೆ. ಇದಕ್ಕೆ ಸ್ವಯಂಜೋಡಣೆ ಎನ್ನುತ್ತಾರೆ. ಡಿ.ಎನ್.ಎ.ಯ ಅಕ್ಷರಗಳೂ ಹೀಗೆಯೇ. ಅಡಿನೀನ್ ಮತ್ತು ಥೈಮೀನ್ ಎದುರುಬದುರು ಬಂದರೆ ಅವುಗಳ ಅಂಚಿನ ಜಲಜನಕ, ಸಾರಜನಕ, ಆಮ್ಲಜನಕದ ಪರಮಾಣುಗಳು ಬೀಗಕ್ಕೆ ಕೀಲಿಯಂತೆ ಹೊಂದುತ್ತವೆ. ಈ ಹಿಡಿತದ ಹೆಸರು ಜಲಜನಕ ಬಂಧ.

ಈ ಹೊಂದಾಣಿಕೆಯನ್ನು ಪರಮಾಣು ಪರಮಾಣುವಾಗಿ ಕಂಡವರಲ್ಲಿ ಬೆಂಗಳೂರಿನ ವಿಜ್ಞಾನಿಯೊಬ್ಬರಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಾಮಿತ್ರ ಅವರು. ಕೇಂಬ್ರಿಜ್‌ನ ಓಲ್ಗಾ ಕೆನ್ನಾರ್ಡ್ ಮತ್ತು ಇತರರ ಜೊತೆ ಅವರು ಬರೆದ ಲೇಖನ 1978ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಡಿ.ಎನ್.ಎ.ಯ ಜೋಡಿ ಸುರುಳಿಯ ಮಾದರಿ ಕೊಟ್ಟಾಗ ಅವರ ಮುಂದಿದ್ದದ್ದು ಡಿ.ಎನ್.ಎ. ಎಳೆಗಳ ಮಸುಕು ಎಕ್ಸ್-ಕಿರಣ ಚಿತ್ರಗಳು. ವಿಶ್ವಾಮಿತ್ರ ಮತ್ತು ಸಂಗಡಿಗರು ತೆಗೆದುಕೊಂಡದ್ದು ಅಡಿನೀನ್-ಥೈಮೀನ್-ಅಡಿನೀನ್-ಥೈಮೀನ್ ಎಂಬ ನಾಲ್ಕೇ ಅಕ್ಷರದ ತುಂಡನ್ನು. ಅದನ್ನು ಹರಳಾಗಿಸಿ ಎಕ್ಸ್-ಕಿರಣ ಹಾಯಿಸಿ ಪ್ರತಿಯೊಂದು ಪರಮಾಣುವಿನ ಜಾಗ ಗುರುತಿಸಿದರು.

ಅಲ್ಲಿ ಕಂಡದ್ದು ಸ್ವಾರಸ್ಯಕರ. ಎರಡು ತುಂಡುಗಳು ಎದುರುಬದುರಾಗಿ ನಾಲ್ಕು ಅಕ್ಷರಗಳನ್ನೂ ಜೋಡಿಸಿಕೊಂಡಿರುತ್ತವೆ ಎಂದು ಯಾರಾದರೂ ಎಣಿಸುತ್ತಿದ್ದರು. ಹರಳಿನಲ್ಲಿ ಹಾಗಾಗಿರಲಿಲ್ಲ. ಪ್ರತಿ ತುಂಡೂ ತನ್ನ ಎರಡು ಅಕ್ಷರಗಳನ್ನು ಒಬ್ಬ ನೆರೆಯವನಿಗೆ, ಉಳಿದೆರಡನ್ನು ಇನ್ನೊಬ್ಬ ನೆರೆಯವನಿಗೆ ಕೊಟ್ಟು ನಿಂತಿತ್ತು. ಮಕ್ಕಳು ಸಾಲಾಗಿ ಕೈ ಕೈ ಹಿಡಿದು ನಿಂತಂತೆ. ಅಡಿನೀನಿಗೆ ಥೈಮೀನೇ ಜೊತೆ ಎಂಬ ನಿಯಮ ಮಾತ್ರ ಎಲ್ಲೂ ತಪ್ಪಿರಲಿಲ್ಲ. ಕಿಣ್ವವಿಲ್ಲ, ಜೀವಕೋಶವಿಲ್ಲ, ನಾಲ್ಕೇ ಅಕ್ಷರದ ತುಣುಕುಗಳು ತಮ್ಮಷ್ಟಕ್ಕೆ ಜೊತೆ ಹುಡುಕಿಕೊಂಡು ಸಾಲುಗಟ್ಟಿದ್ದವು. ಅವರು ಹುಡುಕುತ್ತಿದ್ದದ್ದು ಜೀವದ ಹುಟ್ಟನ್ನಲ್ಲ, ಡಿ.ಎನ್.ಎ.ಯ ರಚನೆಯನ್ನು. ಆದರೂ ಸ್ವಯಂಜೋಡಣೆಗೆ ಇದಕ್ಕಿಂತ ಸ್ಪಷ್ಟ ಚಿತ್ರ ಬೇರೆಡೆ ಸಿಗುವುದು ಕಷ್ಟ. ಕನ್ನಡದ ವಿದ್ಯಾರ್ಥಿಗಳಿಗೆ ಈ ಹೆಸರು ಇನ್ನೂ ಚೆನ್ನಾಗಿ ಪರಿಚಯವಾಗಬೇಕಿತ್ತು.

ನೀರಿನಲ್ಲೂ ಇದು ನಡೆಯುತ್ತದೆ. ಅಮೆರಿಕದ ನೋಯಲ್ ಕ್ಲಾರ್ಕ್ ಮತ್ತು ಇಟಲಿಯ ಟೊಮಾಸೊ ಬೆಲ್ಲಿನಿ ಅವರ ತಂಡ 2007ರಲ್ಲಿ ತೋರಿಸಿದಂತೆ, ಆರೇ ಜೋಡಿ ಅಕ್ಷರದ ಡಿ.ಎನ್.ಎ. ತುಣುಕುಗಳು ಸಾಂದ್ರವಾದ ದ್ರಾವಣದಲ್ಲಿ ಒಂದರ ತಲೆಯ ಮೇಲೊಂದು ಕೂತು ಕಂಬಗಳಾಗುತ್ತವೆ, ಕಂಬಗಳು ಒತ್ತೊತ್ತಾಗಿ ನಿಂತು ದ್ರವಹರಳಾಗುತ್ತವೆ. ಗಡಿಯಾರದ ಅಂಕಿ ತೋರಿಸುವ ದ್ರವಹರಳಿನ ದೂರದ ನೆಂಟ ಇದು. ಹೀಗೆ ತುದಿಗೆ ತುದಿ ತಾಗಿ ನಿಂತ ತುಣುಕುಗಳನ್ನು ರಾಸಾಯನಿಕ ಸಹಾಯದಿಂದ ಶಾಶ್ವತವಾಗಿ ಬೆಸೆದರೆ ಉದ್ದ ಎಳೆಗಳು ಸಿಗುತ್ತವೆ ಎಂಬುದು 2015ರ ಹೊತ್ತಿಗೆ ಗೊತ್ತಾಯಿತು.

ಇಲ್ಲೊಂದು ದೊಡ್ಡ ತೊಡಕಿದೆ, ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಬೇಕು. ಜಲಜನಕ ಬಂಧದಿಂದ ಜೊತೆಯಾಗುವುದು ಬೇರೆ, ಒಂದೇ ಸರದಲ್ಲಿ ಮಣಿಗೆ ಮಣಿ ಬೆಸೆದುಕೊಳ್ಳುವುದು ಬೇರೆ. ಎರಡನೆಯದು ಗಟ್ಟಿ ಬಂಧ. ಎರಡು ಮಣಿ ಹೀಗೆ ಬೆಸೆಯುವಾಗ ನೀರಿನ ಒಂದು ಅಣು ಹೊರಬೀಳಬೇಕು. ಸುತ್ತಲೂ ನೀರೇ ತುಂಬಿದ್ದರೆ ಕ್ರಿಯೆ ಹಿಮ್ಮುಖವಾಗುತ್ತದೆ, ಬೆಸೆದದ್ದೂ ಬಿಚ್ಚಿಕೊಳ್ಳುತ್ತದೆ. ಅಣುಗಳು ಓಡಾಡಿ ಭೇಟಿಯಾಗಲು ನೀರು ಬೇಕು, ಬೆಸೆಯಲು ನೀರು ಹೋಗಬೇಕು. ಹಪ್ಪಳದ ಹಿಟ್ಟಿಗೂ ಇದೇ ಗತಿ: ಲಟ್ಟಿಸಲು ಒದ್ದೆ ಇರಬೇಕು, ನಿಲ್ಲಲು ಬಿಸಿಲು ಬೇಕು. ಸಾಗರದ ನಡುವೆ ಇದು ಆಗುವ ಮಾತಲ್ಲ. ಮಳೆಗೆ ತುಂಬಿ ಬಿಸಿಲಿಗೆ ಬತ್ತುವ ಹೊಂಡದಲ್ಲಿ ಆಗಬಹುದು. ಡಾರ್ವಿನ್ ಕೂಡ 1871ರಲ್ಲಿ ಗೆಳೆಯ ಹೂಕರನಿಗೆ ಬರೆದ ಕಾಗದದಲ್ಲಿ ಬೆಚ್ಚಗಿನ ಪುಟ್ಟ ಕೊಳವೊಂದನ್ನು ಊಹಿಸಿದ್ದ.

ಹಸಿ-ಒಣ ಚಕ್ರ ಎಂಬ ಈ ವಿಚಾರವನ್ನು ಪರೀಕ್ಷಿಸುತ್ತಿರುವ ಪ್ರಯೋಗಶಾಲೆಯೊಂದು ಭೀಮೆಯ ಮೇಲ್ದಂಡೆಯ ಸೀಮೆಯಲ್ಲೇ ಇದೆ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹರಿಯುವ ಭೀಮಾ ನದಿಗೆ ಪುಣೆಯ ಮುಳಾ-ಮುಠಾ ನೀರೂ ಸೇರಿದೆ. ಆ ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯಲ್ಲಿ ಸುಧಾ ರಾಜಮಣಿ ಅವರ ತಂಡ ಜೀವದ ಹುಟ್ಟಿನ ರಸಾಯನಶಾಸ್ತ್ರದ ಮೇಲೆ ದುಡಿಯುತ್ತ ಬಂದಿದೆ. ಇದಕ್ಕೂ ಮೊದಲು, ಕ್ಯಾಲಿಫೋರ್ನಿಯದ ಡೇವಿಡ್ ಡೀಮರ್ ಅವರ ಜೊತೆ ರಾಜಮಣಿ ಮಾಡಿದ ಪ್ರಯೋಗ 2008ರಲ್ಲಿ ಪ್ರಕಟವಾಗಿತ್ತು. ಆರ್.ಎನ್.ಎ.ಯ ಬಿಡಿ ಮಣಿಗಳನ್ನು ಜಿಡ್ಡಿನ ಅಣುಗಳೊಡನೆ ಬೆರೆಸಿ, ಬಿಸಿಯಲ್ಲಿ ಒಣಗಿಸಿ, ಮತ್ತೆ ನೆನೆಸಿ, ಮತ್ತೆ ಒಣಗಿಸಿದಾಗ ಆರ್.ಎನ್.ಎ.ಯಂಥ ಸರಗಳು ಸಿಕ್ಕವು. ಒಣಗುವಾಗ ಜಿಡ್ಡು ಪದರಪದರವಾಗಿ ಮಡಚಿ ಮಣಿಗಳನ್ನು ನಡುವೆ ಹಿಡಿದು ಸಾಲಾಗಿಸುತ್ತದೆ.

ಅಷ್ಟಕ್ಕೇ ಕೈ ತಟ್ಟಿ ಕೂರಲಿಲ್ಲ ಎಂಬುದೇ ಇಲ್ಲಿ ಮೆಚ್ಚಬೇಕಾದ್ದು. ಸಿಕ್ಕ ಸರಗಳನ್ನು ಪುಣೆಯಲ್ಲಿ ಮತ್ತೆ ಬಿಡಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ ಮುಖ ಸಪ್ಪಗಾಗಿಸುವಂಥದು. ಆಮ್ಲೀಯ ನೀರಿನಲ್ಲಿ ಬಿಸಿ ಮಾಡುವಾಗ ಎಷ್ಟೋ ಮಣಿಗಳಿಂದ ಅಕ್ಷರಗಳೇ ಕಳಚಿ ಬಿದ್ದಿದ್ದವು. ಸಕ್ಕರೆ ಮತ್ತು ರಂಜಕದ ಬೆನ್ನೆಲುಬು ಇತ್ತು, ಅದರ ಮೇಲೆ ಬರಹ ಇರಲಿಲ್ಲ. ಖಾಲಿ ಪುಟಗಳ ಪುಸ್ತಕ! ಸೋಲು ಎಂದು ಯಾರಾದರೂ ಅಂದುಕೊಳ್ಳಬಹುದು. ಆದರೆ ಅದರಿಂದ ಹೊಸ ಪ್ರಶ್ನೆ ಹುಟ್ಟಿತು. ಇಂದಿನ ನಾಲ್ಕು ಅಕ್ಷರಗಳೇ ಮೊದಲಿನಿಂದಲೂ ಇದ್ದವೇ, ಅಥವಾ ಅವಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುವ ಹಳೆಯ ಅಕ್ಷರಗಳು ಬೇರೆ ಇದ್ದವೇ? ಅಮೆರಿಕದ ಜಾರ್ಜಿಯಾದಲ್ಲಿ ನಿಕೊಲಸ್ ಹಡ್ ಅವರ ತಂಡ ಹಿಡಿದ ದಾರಿಯೂ ಇದೇ. ಇಂದಿನ ಅಕ್ಷರಗಳ ಸೋದರರಂತಿರುವ ಎರಡು ಸರಳ ಅಣುಗಳನ್ನು ನೀರಿಗೆ ಹಾಕಿದಾಗ ಮೂರು ಮತ್ತು ಮೂರು ಸೇರಿ ಆರರ ಚಕ್ರವಾದವು, ಸಾವಿರಾರು ಚಕ್ರಗಳು ಒಂದರ ಮೇಲೊಂದು ಪೇರಿಸಿಕೊಂಡು ಉದ್ದದ ಎಳೆಗಳಾದವು. ಇದು 2013ರ ಮಾತು. ಅದರಲ್ಲೊಂದು ಅಣು ರೈಬೋಸ್ ಸಕ್ಕರೆಯ ಜೊತೆಗೂ ಸುಲಭವಾಗಿ ಕೂಡಿಕೊಳ್ಳುತ್ತದೆಂದು ಮರುವರ್ಷ ತಿಳಿಯಿತು. ಅಡಿನೀನ್ ಅಷ್ಟು ಸುಲಭವಾಗಿ ಕೂಡುವುದಿಲ್ಲ.

ಈಗ ಜೇಡಿಮಣ್ಣಿನ ಸರದಿ. ಜೇಡಿಯ ಮೇಲ್ಮೈ ಅಣುಗಳನ್ನು ಹಿಡಿದಿಟ್ಟು ಹತ್ತಿರ ತಂದಿರಬಹುದೆಂದು ಇಂಗ್ಲೆಂಡಿನ ಜೆ.ಡಿ. ಬರ್ನಾಲ್ 1940ರ ದಶಕದಲ್ಲೇ ಸೂಚಿಸಿದ್ದರು. ಅಮೆರಿಕದ ಜೇಮ್ಸ್ ಫೆರಿಸ್ ಅದನ್ನು ಮಾಡಿ ನೋಡಿದರು. ಮಾಂಟ್‌ಮೊರಿಲ್ಲೊನೈಟಿನ ಜೊತೆ ಮಣಿಗಳನ್ನು ಇಟ್ಟು, ದಿನಕ್ಕೊಮ್ಮೆ ಹೊಸ ಮಣಿಗಳ ದ್ರಾವಣ ಉಣಿಸುತ್ತ ಹೋದರು. ಎರಡು ವಾರದಲ್ಲಿ ಐವತ್ತಕ್ಕೂ ಹೆಚ್ಚು ಮಣಿಗಳ ಸರಗಳು ಬೆಳೆದಿದ್ದವು. 1996ರಲ್ಲಿ ಇದು ಪ್ರಕಟವಾಯಿತು. ಏಳು ವರ್ಷಗಳ ನಂತರ ಜ್ಯಾಕ್ ಶೋಸ್ಟಾಕ್ ಅವರ ತಂಡ ಇನ್ನೊಂದು ಸಂಗತಿ ಕಂಡುಕೊಂಡಿತು: ಜಿಡ್ಡಿನ ಅಣುಗಳು ಗುಳ್ಳೆಗಳಾಗುವುದನ್ನೂ ಅದೇ ಜೇಡಿ ಚುರುಕುಗೊಳಿಸುತ್ತದೆ, ಎಷ್ಟೋ ಗುಳ್ಳೆಗಳೊಳಗೆ ಆರ್.ಎನ್.ಎ. ಹೊತ್ತ ಜೇಡಿಯ ಕಣಗಳೇ ಸೇರಿಕೊಂಡಿರುತ್ತವೆ. ಸರವೂ ಅದನ್ನು ಕಾಪಾಡುವ ಚೀಲವೂ ಒಂದೇ ಮಣ್ಣಿನ ನೆರವಿನಲ್ಲಿ!

ಹಾಗೆಂದು ಆಳಂದದ ಹೊಲದಲ್ಲಿ ಜೀವ ಹುಟ್ಟಿತು ಎಂದು ಯಾರೂ ಹೇಳಬಾರದು. ಜೀವ 350 ಕೋಟಿ ವರ್ಷಗಳಷ್ಟಾದರೂ ಹಳೆಯದು, ಇಲ್ಲಿಯ ಎರೆಮಣ್ಣಿನ ತಾಯಿಶಿಲೆಗೆ 6.6 ಕೋಟಿ. ಫೆರಿಸ್ ಬಳಸಿದ ಜೇಡಿಯನ್ನು ತೊಳೆದು ಸಂಸ್ಕರಿಸಲಾಗಿತ್ತು, ಮಣಿಗಳಿಗೆ ಮೊದಲೇ ರಾಸಾಯನಿಕ ಚುರುಕು ಕೊಡಲಾಗಿತ್ತು. ಆದಿಯ ಭೂಮಿಯಲ್ಲಿ ಆ ಕೆಲಸ ಮಾಡಿದ್ದು ಯಾವುದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಇಂದು ಹೊಲದಲ್ಲಿ ಅಂಥದ್ದೊಂದು ಎಳೆ ತಾನಾಗಿ ಮೂಡಿದರೂ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಸಂಜೆಯವರೆಗೂ ಉಳಿಸುವುದಿಲ್ಲ.

ಮನೆಯಲ್ಲಿ ಹಿರಿಯರು ಎತ್ತುವ ಆಕ್ಷೇಪ ಒಂದುಂಟು. "ಇಷ್ಟೆಲ್ಲ ತಾನಾಗಿ, ಬರೀ ಆಕಸ್ಮಿಕದಿಂದ ಆಗ್ತದೇನು?" ಇದನ್ನು ತಳ್ಳಿಹಾಕದೆ ಲೆಕ್ಕ ಹಾಕಿ ನೋಡಬೇಕು. ನಲವತ್ತು ಮಣಿಗಳ ಆರ್.ಎನ್.ಎ. ಸರವನ್ನು ಎಷ್ಟು ಬಗೆಯಲ್ಲಿ ಪೋಣಿಸಬಹುದು? ಒಂದೊಂದು ಜಾಗಕ್ಕೆ ನಾಲ್ಕು ಆಯ್ಕೆ, ಆದ್ದರಿಂದ ನಾಲ್ಕನ್ನು ನಲವತ್ತು ಸಲ ಗುಣಿಸಬೇಕು. ಬರುವ ಸಂಖ್ಯೆ 1.2ನ್ನು 10ರ 24ನೆಯ ಘಾತದಿಂದ ಗುಣಿಸಿದಷ್ಟು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಈಗ ಅವೊಗ್ಯಾಡ್ರೊ ಸಂಖ್ಯೆ ನೆನಪಿಸಿಕೊಳ್ಳಿ: ಅದು 6.02, ಗುಣಿಸು 10ರ 23ನೆಯ ಘಾತ. ಅಂದರೆ ಎಲ್ಲ ಬಗೆಯ ಸರಗಳು ಒಂದೊಂದು ಪ್ರತಿಯಂತೆ ಸೇರಿದರೆ ಬರೀ ಎರಡು ಮೋಲ್. ನಲವತ್ತು ಮಣಿಯ ಸರದ ಒಂದು ಮೋಲ್ ಸುಮಾರು 13 ಕಿಲೊ ತೂಗುತ್ತದೆ. ಸಾಧ್ಯವಿರುವ ಸರಗಳೆಲ್ಲ ಸೇರಿ 26 ಕಿಲೊ. ತೊಗರಿಬೇಳೆಯ ಒಂದು ಸಣ್ಣ ಚೀಲ ಅಷ್ಟೆ.

ಆದರೆ ಇದೇ ಲೆಕ್ಕವನ್ನು ನೂರು ಮಣಿಗೆ ಮಾಡಿದರೆ ತೂಕ ಇಡೀ ಭೂಮಿಯ ತೂಕವನ್ನು ಎಷ್ಟೋ ಲಕ್ಷ ಕೋಟಿ ಪಟ್ಟು ಮೀರುತ್ತದೆ. ಹಿರಿಯರ ಆಕ್ಷೇಪದಲ್ಲಿ ಹುರುಳಿರುವುದು ಇಲ್ಲಿಯೇ. ಉದ್ದನೆಯ ಸರ ಬರೀ ಲಾಟರಿಯಿಂದ ಬರುವಂಥದಲ್ಲ. ಸಣ್ಣ ತುಣುಕುಗಳು ಬರಬಹುದು, ಅವು ಜೊತೆ ಹುಡುಕಿ ಸಾಲುಗಟ್ಟಬಹುದು, ಸಾಲುಗಟ್ಟಿದವು ಬೆಸೆಯಬಹುದು. ಪ್ರತಿ ಹೆಜ್ಜೆಯಲ್ಲೂ ಅಣುವಿನ ಸ್ವಭಾವ ಆಯ್ಕೆಯನ್ನು ಕಿರಿದಾಗಿಸುತ್ತದೆ. ಆಕಸ್ಮಿಕಕ್ಕೆ ಬಿಟ್ಟ ಪಾಲು ಅಷ್ಟಷ್ಟು ಕಡಿಮೆಯಾಗುತ್ತದೆ. ಮುಂದಿನ ಹೆಜ್ಜೆ ಪ್ರತಿ ತೆಗೆಯುವುದು, ಅಲ್ಲೇ ಸಂಶೋಧಕರು ಇನ್ನೂ ಹೆಣಗುತ್ತಿರುವುದು. ಕಿಣ್ವವಿಲ್ಲದೆ ಒಂದು ಎಳೆಯ ಎದುರು ಇನ್ನೊಂದು ಎಳೆ ಮೂಡಿದರೂ, ಗಟ್ಟಿಯಾಗಿ ತಬ್ಬಿಕೊಂಡ ಎರಡನ್ನು ಬಿಡಿಸಿ ಮತ್ತೆ ಬರೆಸುವುದು ಸುಲಭವಲ್ಲ.

ಮಣಿಗಳ ಅಕ್ಷರಗಳೇ ಎಲ್ಲಿಂದ ಬಂದವು ಎಂಬ ಪ್ರಶ್ನೆ ಮಾತ್ರ ಹಿಂದಿನಷ್ಟು ಕಾಡುವುದಿಲ್ಲ. ಹೈಡ್ರೊಜನ್ ಸಯನೈಡಿನ ಐದು ಅಣು ಸೇರಿದರೆ ಒಂದು ಅಡಿನೀನ್, ಇದನ್ನು ಹ್ವಾನ್ ಓರೊ 1960ರಲ್ಲಿ ಮಾಡಿ ತೋರಿಸಿದ್ದರು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ ಭೂಮಿಗೆ ತಂದ ಮಣ್ಣಿನಲ್ಲಿ ಡಿ.ಎನ್.ಎ., ಆರ್.ಎನ್.ಎ.ಗಳ ಐದೂ ಪ್ರತ್ಯಾಮ್ಲಗಳು ಇವೆಯೆಂದು 2025ರ ಜನವರಿಯಲ್ಲಿ ವರದಿಯಾಯಿತು.

ಈ ಬೇಸಿಗೆಯ ರಜೆಗೆ ಒಂದು ಕೆಲಸ. ಒಂದು ಹಿಡಿ ಎರೆಮಣ್ಣನ್ನು ಜರಡಿ ಹಿಡಿದು, ನೀರು ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ತಂದು, ಅಗಲವಾದ ತಾಟಿನಲ್ಲಿ ಅರ್ಧ ಬೆರಳು ದಪ್ಪಕ್ಕೆ ಹರಡಿ ಒಣಗಲು ಇಡಿ. ಬಿರುಕು ಬಂದ ಮೇಲೆ ಅವು ಕೂಡುವ ಜಾಗಗಳ ಕೋನವನ್ನು ಕಂಪಾಸ್ ಪೆಟ್ಟಿಗೆಯ ಕೋನಮಾಪಕದಿಂದ ಅಳೆದು, ದಿನಾಂಕ ಹಾಕಿ ಬರೆದಿಡಿ. ಸಾಮಾನ್ಯವಾಗಿ ಒಂದು ಬಿರುಕಿಗೆ ಇನ್ನೊಂದು ಬಂದು ಅಡ್ಡ ಬಡಿದು 90 ಡಿಗ್ರಿಯ ಹತ್ತಿರ ನಿಂತಿರುತ್ತದೆ. ನಂತರ ನೀರು ಚಿಮುಕಿಸಿ ಬಿರುಕು ಮುಚ್ಚಲು ಬಿಡಿ, ಮತ್ತೆ ಒಣಗಿಸಿ, ಮತ್ತೆ ಅಳೆಯಿರಿ. ಹೀಗೆ ಇಪ್ಪತ್ತು ಸಲವಾದರೂ ಮಾಡಬೇಕು, ಬೇಸರ ಪಡಬಾರದು. ಮಾಂಟ್‌ಮೊರಿಲ್ಲೊನೈಟೇ ಹೆಚ್ಚಾಗಿರುವ ಬೆಂಟೊನೈಟ್ ಜೇಡಿಯ ಮೇಲೆ ಲೂಕಸ್ ಗೋರಿಂಗ್ ಮತ್ತು ಸಂಗಡಿಗರು ಇದನ್ನು ಮಾಡಿ 2010ರಲ್ಲಿ ಪ್ರಕಟಿಸಿದ್ದಾರೆ. ಚಕ್ರಗಳು ಸಾಗಿದಂತೆ ಕೋನಗಳು 90ನ್ನು ಬಿಟ್ಟು 120ರ ಕಡೆಗೆ ಸರಿದವು, ಬಿರುಕುಗಳು ಜೇನುಗೂಡಿನ ಕಣ್ಣುಗಳ ಆಕಾರಕ್ಕೆ ತಿರುಗಿದವು. ಕಲಬುರಗಿಯ ಎರೆಮಣ್ಣು ಎಷ್ಟನೆಯ ಸಲಕ್ಕೆ 120 ಮುಟ್ಟುತ್ತದೆ, ಅಥವಾ ಮುಟ್ಟುವುದೇ ಇಲ್ಲವೇ ಎಂಬುದು ತಾಟಿನಲ್ಲೇ ಗೊತ್ತಾಗಬೇಕು.